ಗುರುಸಿದ್ದಮ್ಮನ ಗೋಂದಿನ ಮನೆ

ನಂಜನಗೂಡಿನ ಇಂಡಸ್ಟ್ರಿಯಲ್ ಏರಿಯಾದಲ್ಲಿರುವ ನಮ್ಮ ರಟ್ಟಿನ ಪೆಟ್ಟಿಗೆ ಕಾರ್ಖಾನೆಯ ಗೇಟಿನಲ್ಲಿ, ಬಂದವರೆಲ್ಲ ಮೊದಲು ಆಫೀಸಿಗೆ ಹೋಗಬೇಕು ಎಂದು ಬೋರ್ಡು ಹಾಕಿದ್ದಾರೆ. ಬೋರ್ಡಿನ ಮಾತು ಯಾರೂ ಕೇಳುವುದಿಲ್ಲ. ಎಲ್ಲರೂ ಮೊದಲು ಹೋಗುವುದು ಗೋಂದಿನ ಮನೆಗೆ. ಅಲ್ಲಿ ಗುರುಸಿದ್ದಮ್ಮ ಇರುತ್ತಾಳೆ, ಯಾರ ಮನೆಯಲ್ಲಿ ಏನಾಯಿತು ಎಂಬುದು ಆ ಮನೆಯವರಿಗಿಂತ ಮೊದಲು ಆಕೆಗೆ ಗೊತ್ತಿರುತ್ತದೆ. ಲಾರಿ ಡ್ರೈವರುಗಳು, ಕರೆಂಟಿನವರು, ಒಂದೊಂದು ಸಲ ಪೋಸ್ಟ್‌ಮ್ಯಾನ್ ಕೂಡ ಅಲ್ಲಿ ಒಂದು ಗಳಿಗೆ ನಿಂತು ನಕ್ಕು ಆಮೇಲೆ ತಮ್ಮ ಕೆಲಸ ನೋಡುತ್ತಾರೆ.

ನಾನು ನಿಂಗರಾಜು, ಕಾರ್ಖಾನೆಯ ಸ್ಟೋರ್ ನೋಡಿಕೊಳ್ಳುವವನು. ನನ್ನ ಬಳಿ ಬಂದು ಯಾರೂ ನಗುವುದಿಲ್ಲ. ಟೇಪು ಕೊಡು, ಹುರಿ ಕೊಡು, ಬ್ಲೇಡು ಕೊಡು ಎಂದು ಕೇಳುತ್ತಾರೆ, ನಾನು ಹಳೆಯದನ್ನು ತೋರಿಸಿ ಅನ್ನುತ್ತೇನೆ, ಮುಖ ಸಿಂಡರಿಸಿಕೊಂಡು ಹೋಗುತ್ತಾರೆ. ಗುರುಸಿದ್ದಮ್ಮ ನನಗಿಂತ ಒಂದೆರಡು ವರ್ಷ ದೊಡ್ಡವಳು, ಅಷ್ಟಕ್ಕೇ ನನ್ನನ್ನು ಎಳೆ ಮಗುವಿನ ಹಾಗೆ ಗದರುತ್ತಾಳೆ. ಇದರ ಬಗ್ಗೆ ನನಗೆ ಸಿಟ್ಟಿದೆ, ಇಲ್ಲವೆಂದು ಹೇಳುವುದಿಲ್ಲ. ಆದರೂ ಅವಳ ಕತೆ ಹೇಳಲು ಬೇರೆ ಯಾರಿಗಾದರೂ ಬಿಟ್ಟರೆ ಅವರು ಅವಳನ್ನು ತೀರಾ ಒಳ್ಳೆಯವಳನ್ನಾಗಿ ಮಾಡಿಬಿಡುತ್ತಾರೆ. ಅದಕ್ಕೇ ನಾನೇ ಹೇಳುತ್ತಿದ್ದೇನೆ.

ರಟ್ಟಿನ ಪೆಟ್ಟಿಗೆಯ ಅಂಚನ್ನು ನೀವು ನೋಡಿರುತ್ತೀರಿ. ಎರಡು ಕಾಗದದ ನಡುವೆ ಅಲೆ ಅಲೆಯಾಗಿ ಮಡಿಸಿದ ಇನ್ನೊಂದು ಕಾಗದ ಇರುತ್ತದೆ. ಮೂರನ್ನೂ ಹಿಡಿದು ನಿಲ್ಲಿಸುವುದು ಗುರುಸಿದ್ದಮ್ಮನ ಗೋಂದು. ಮೆಕ್ಕೆಜೋಳದ ಪಿಷ್ಟವನ್ನು ನೀರಿನಲ್ಲಿ ಕದಡಿ, ಕಾಸ್ಟಿಕ್ ಸೋಡಾ ಹಾಕಿ ಬೇಯಿಸುತ್ತಾಳೆ. ಕೊನೆಯಲ್ಲಿ ಒಂದು ಹಿಡಿ ಬೋರಾಕ್ಸ್ ಉದುರಿಸುತ್ತಾಳೆ. ಅದು ನೋಡಲು ಅಡುಗೆ ಸೋಡಾದ ಹಾಗೆ ಬಿಳಿ ಪುಡಿ, ಆದರೆ ಬಿದ್ದ ಕೂಡಲೇ ತೆಳ್ಳಗಿದ್ದ ಗೋಂದಿಗೆ ಜಿಗುಟು ಬರುತ್ತದೆ. ಇದನ್ನು ಆಕೆ ಒಗ್ಗರಣೆ ಅನ್ನುತ್ತಾಳೆ. ಕಲಕುವುದಕ್ಕೆ ಸಾಹುಕಾರರು ತಂದುಕೊಟ್ಟ ಸ್ಟೀಲಿನ ಸೌಟನ್ನು ಮೂಲೆಗೆಸೆದು, ಮುದ್ದೆ ತಿರುವುವ ಹಿಟ್ಟಿನ ಕೋಲನ್ನು ಮನೆಯಿಂದ ತಂದು ಇಟ್ಟುಕೊಂಡಿದ್ದಾಳೆ. ಒಲೆ ಹತ್ತಿದ ಮೇಲೆ ಆ ಕೋಣೆಯಲ್ಲಿ ಆಕೆ ಹೇಳಿದ್ದೇ ಕಾನೂನು.

ಆಕೆಯ ಕಿತಾಪತಿಗಳನ್ನು ಹೇಳುತ್ತ ಕೂತರೆ ಸಂಜೆಯಾಗುತ್ತದೆ. ಆಫೀಸಿನ ಬಾಗಿಲ ಮುಂದೆ ಒಂದು ನಾಣ್ಯವನ್ನು ನೆಲಕ್ಕೆ ಅಂಟಿಸಿ, ಯಾರು ಯಾರು ಬಗ್ಗುತ್ತಾರೆ ಎಂದು ಕಿಟಕಿಯಿಂದ ನೋಡುತ್ತಿದ್ದಳು. ಎಲ್ಲರೂ ಬಗ್ಗಿದರು. ನಮ್ಮ ಸಾಹುಕಾರರು ಶಿವಮೂರ್ತಿಯವರು ಮಾತ್ರ ಸುತ್ತಮುತ್ತ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಬಗ್ಗಿದರು. ನನ್ನ ಊಟದ ಡಬ್ಬಿಯ ಮುಚ್ಚಳವನ್ನು ಅಂಟಿಸಿ, ನಾನು ಅದರ ಜೊತೆ ಗುದ್ದಾಡುವುದನ್ನು ಇಡೀ ಕ್ಯಾಂಟೀನು ನೋಡುವ ಹಾಗೆ ಮಾಡಿದ್ದಾಳೆ. ಆಮೇಲೆ ತನ್ನ ಬುತ್ತಿಯಲ್ಲೇ ಅರ್ಧ ಕೊಟ್ಟಳು, ಅದೂ ನಿಜ.

ಹೆಮ್ಮಿಗೆಯಲ್ಲಿ ಹುಟ್ಟಿದ ಗುರುಸಿದ್ದಮ್ಮ ಮದುವೆಯಾಗಿ ಬಂದದ್ದು ತಿ. ನರಸೀಪುರಕ್ಕೆ. ಗಂಡ ಪುಟ್ಟಬಸವಯ್ಯ ಹೊಳೆಯ ಕಡೆಯ ಜಮೀನು ನೋಡಿಕೊಂಡು ಇರುವ ಸಮಾಧಾನದ ಮನುಷ್ಯ. ಮನೆಯಲ್ಲಿ ಮಾತಾಡುವ ಅವಕಾಶ ಸಿಗದೆ ಹಾಗಾದನೋ, ಹುಟ್ಟುವಾಗಲೇ ಹಾಗೋ, ನನಗೆ ಗೊತ್ತಿಲ್ಲ. ಅವನ ತಂಗಿ ಜವರಮ್ಮ. ಅಂದರೆ ಗುರುಸಿದ್ದಮ್ಮನಿಗೆ ನಾದಿನಿ. ನಮ್ಮ ಕತೆಯಲ್ಲಿ ಬರುವ ತೊಂದರೆಯೆಲ್ಲ ಈ ಅತ್ತಿಗೆ ನಾದಿನಿಯರದ್ದು.

ಜವರಮ್ಮ ಅದೇ ಊರಿನಲ್ಲಿ ಎರಡು ಬೀದಿ ಆಚೆ ಮದುವೆಯಾದಳು, ಹೊಸ ಮನೆ ಕಟ್ಟಿದಳು. ಗೃಹಪ್ರವೇಶದ ಊಟದಲ್ಲಿ, ತುಂಬಿದ ಪಂಕ್ತಿಯಲ್ಲಿ ಕೂತ ಗುರುಸಿದ್ದಮ್ಮ ಸಾರಿಗೆ ಉಪ್ಪಿಲ್ಲ ಅಂದಳು. ಸುಮ್ಮನೆ ಅಂದದ್ದಲ್ಲ, ಕೊನೆಯ ಎಲೆಯವರಿಗೂ ಕೇಳಿಸುವ ಹಾಗೆ ಅಂದಳು. ಆ ಸಾರನ್ನು ಜವರಮ್ಮನ ಅತ್ತೆಯೇ ಮಾಡಿದ್ದು. ಅಂದಿನಿಂದ ಇಬ್ಬರಿಗೂ ನೇರ ಮಾತು ನಿಂತಿತು. ಜಗಳ ಮಾತ್ರ ನಿಲ್ಲಲಿಲ್ಲ. ನೇರ ಮಾತಿಲ್ಲದೆ ಜಗಳ ಹೇಗೆ ಎಂದರೆ, ನಡುವೆ ಒಬ್ಬ ಬೇಕು. ಆ ಒಬ್ಬ ನಾನು.

ನಾವು ಮೂವರೂ ಬೆಳಿಗ್ಗೆ ನರಸೀಪುರದಿಂದ ಒಂದೇ ಬಸ್ಸಿಗೆ ಬರುತ್ತೇವೆ. ಗುರುಸಿದ್ದಮ್ಮ ಮುಂದಿನ ಸೀಟು, ಜವರಮ್ಮ ಹಿಂದಿನ ಸೀಟು, ನಾನು ನಡುವೆ ಕಂಬಿ ಹಿಡಿದು ನಿಂತಿರುತ್ತೇನೆ.

"ನಿಂಗರಾಜ, ಆಯಮ್ಮಂಗೆ ಏಳು, ಸೆರಗು ಕಿಟಕಿಗೆ ಸಿಕ್ಕಂಡದೆ ಅಂತ," ಎಂದು ಗುರುಸಿದ್ದಮ್ಮ ಅನ್ನುತ್ತಾಳೆ.

"ನಿಂಗರಾಜಣ್ಣ, ಅತ್ಗೆಗೆ ಏಳು, ನನ್ನ ಸೆರಗ ನೋಡ್ಕೊಳಾಕೆ ನಂಗೆ ಬತ್ತದೆ ಅಂತ," ಎಂದು ಜವರಮ್ಮ ಅನ್ನುತ್ತಾಳೆ. ಇಬ್ಬರ ನಡುವೆ ಇರುವುದು ಒಂದು ಮಾರು ದೂರ. ಇಬ್ಬರಿಗೂ ಕಿವಿ ಚೆನ್ನಾಗಿ ಕೇಳಿಸುತ್ತದೆ. ಆದರೂ ನಾನು ಪ್ರತಿಯೊಂದನ್ನೂ ಎರಡನೆಯ ಸಲ ಹೇಳಬೇಕು, ಇಲ್ಲದಿದ್ದರೆ ಇಬ್ಬರೂ ಸೇರಿ ನನ್ನ ಮೇಲೆ ಬೀಳುತ್ತಾರೆ.

ತಮಾಷೆಯೆಂದರೆ ಜವರಮ್ಮನನ್ನು ಈ ಕಾರ್ಖಾನೆಗೆ ತಂದು ಸೇರಿಸಿದವಳು ಗುರುಸಿದ್ದಮ್ಮನೇ, ಉಪ್ಪಿನ ಜಗಳಕ್ಕೆ ಮುಂಚೆ. ಜವರಮ್ಮ ಚುರುಕು. ಮಡಿಸಿದ ಪೆಟ್ಟಿಗೆಗಳ ಅಂಚನ್ನು ಅಂಟಿಸಿ ಕಟ್ಟು ಕಟ್ಟುವ ಶೆಡ್ಡಿನಲ್ಲಿ ಸೇರಿಕೊಂಡವಳು ಅದೇ ಶೆಡ್ಡಿಗೆ ಮೇಸ್ತ್ರಿಯಾದಳು. ಅವಳ ದನಿ ಎದ್ದರೆ ಹೆಂಗಸರ ಕೈ ಎರಡರಷ್ಟು ಓಡುತ್ತದೆ. ಗುರುಸಿದ್ದಮ್ಮ ಗೋಂದಿನ ಮನೆಯಲ್ಲಿ ರಾಣಿ, ಜವರಮ್ಮ ಶೆಡ್ಡಿನಲ್ಲಿ ರಾಣಿ. ಗಡಿ ದಾಟದಿದ್ದರೆ ಎಲ್ಲರಿಗೂ ಕ್ಷೇಮ ಎಂದುಕೊಂಡಿದ್ದೆವು.

ಗಡಿ ಅಲುಗಾಡಿದ್ದು ಮೊಸರಿನಿಂದ. ಮೈಸೂರಿನ ಕಡೆಯ ಒಂದು ಡೇರಿಯವರು ಮೊಸರಿನ ಕಪ್ಪುಗಳನ್ನು ತುಂಬಲು ಪೆಟ್ಟಿಗೆ ಬೇಕೆಂದು ಬಂದರು. ಪೆಟ್ಟಿಗೆ ತಣ್ಣನೆಯ ಕೋಣೆಯಲ್ಲಿ ಇರಬೇಕು, ಹೊರಗೆ ಬಂದು ಬೆವರಿದರೂ ಅಂಚು ಬಿಚ್ಚಬಾರದು, ತಿನ್ನುವ ಪದಾರ್ಥದ ಹತ್ತಿರ ಅಂಟಿನ ವಾಸನೆ ಬರಬಾರದು. ಅಲ್ಲಿಯವರೆಗೆ ನಾವು ಅಂಚಿಗೆ ಹಚ್ಚುತ್ತಿದ್ದದ್ದು ಮೂಗಿಗೆ ಬಡಿಯುವ ಒಂದು ಸೊಲ್ಯೂಷನ್. ಅದರ ಡಬ್ಬಿ ತೆರೆದರೆ ಶೆಡ್ಡಿನ ಹೆಂಗಸರಿಗೆ ತಲೆನೋವು, ಬೀಡಿ ಹಚ್ಚಿದವನಿಗೆ ನನ್ನಿಂದ ಬೈಗುಳ, ಏಕೆಂದರೆ ಅದು ಬೆಂಕಿ ಕಂಡರೆ ಭಗ್ ಎನ್ನುವ ಮಾಲು. ಅದನ್ನು ಬಿಟ್ಟು, ನೀರಿನಲ್ಲೇ ಕಲಸಿ ಬರುವ ಬಿಳಿ ಅಂಟು ತರೋಣ ಎಂದು ಸಾಹುಕಾರರು ತೀರ್ಮಾನಿಸಿದರು.

ಅಷ್ಟೇ ಆಗಿದ್ದರೆ ಗುರುಸಿದ್ದಮ್ಮನಿಗೆ ಏನೂ ಬಾಧೆಯಿರಲಿಲ್ಲ. ಆದರೆ ಅಂಟು ಮಾರಲು ಬಂದ ಒಬ್ಬ ಸೇಲ್ಸ್‌ನವನು ಬಾಯಿ ಹಾಕಿದ. ಮಾರಲು ಬರುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಅವರ ಅಂಗಿಯ ಇಸ್ತ್ರಿ ಮಡಿಕೆ ಕೂಡ ಸುಳ್ಳು ಹೇಳುವ ಹಾಗೆ ಇರುತ್ತದೆ. ಅವನು, "ಸಾರ್, ಅಂಚಿಗೆ ಮಾತ್ರ ಯಾಕೆ, ಹಾಳೆಗೂ ಇದನ್ನೇ ಹಚ್ಚಿ. ಗೋಂದು ಬೇಯಿಸೋ ರಗಳೆನೇ ಇರಲ್ಲ, ಆ ರೂಮ್ ಖಾಲಿ ಆಗುತ್ತೆ," ಅಂದ. ಸಾಹುಕಾರರು ಗಡ್ಡ ಕೆರೆದುಕೊಂಡರು. ಅವರು ಗಡ್ಡ ಕೆರೆದುಕೊಂಡರೆ ಅರ್ಧ ಒಪ್ಪಿದ ಹಾಗೆ.

"ಪರೀಕ್ಷೆ ಮಾಡೋಣ," ಎಂದರು ಅವರು. "ಬಿಳಿ ಅಂಟು ಎಲ್ಲಾದಕ್ಕೂ ಆಗುತ್ತೆ ಅಂದ್ರೆ ಗೋಂದಿನ ಮನೆ ಮುಚ್ಚೋಣ. ಗುರುಸಿದ್ದಮ್ಮ ಜವರಮ್ಮನ ಶೆಡ್ಡಲ್ಲಿ ಇರ್ತಾಳೆ."

ಗುರುಸಿದ್ದಮ್ಮನ ಕಿವಿಗೆ ಈ ಮಾತು ಬಿದ್ದಾಗ ನಾನು ಎದುರಿಗೇ ಇದ್ದೆ. ಕೋಲು ತಿರುಗಿಸುತ್ತಿದ್ದವಳು ನಿಲ್ಲಿಸಿದಳು. ಗೋಂದು ತಳ ಹಿಡಿಯುವ ವಾಸನೆ ಬಂದರೂ ಕೈ ಆಡಲಿಲ್ಲ.

"ಅವ್ಳ ಕೈಕೆಳ್ಗಾ?" ಅಂದಳು. "ಲೋ ನಿಂಗರಾಜ, ಹೊಳೆ ಒಳಿಕ್ಕಾದ್ರೂ ಇಳೀತೀನಿ, ಆ ಶೆಡ್ಡೊಳಿಕ್ಕೆ ಇಳಿಯಾಕಿಲ್ಲ ಕಣ್ಲಾ. ಅವ್ಳು ಬಿರ್ನೆ ಕಟ್ಟು ಅನ್ನೋದು, ನಾನು ಊ ಅನ್ನೋದು. ಅದ ನೋಡಿ ಊರೆಲ್ಲ ನಗೋದು."

ನಾನು ಏನೋ ಸಮಾಧಾನ ಹೇಳಲು ಹೋದೆ. ತಳ ಹತ್ತಿದ್ದು ನನ್ನಿಂದ ಎಂದು ಬೈದು ಕಳಿಸಿದಳು.

ಪರೀಕ್ಷೆಯ ಜವಾಬ್ದಾರಿ ಬಿದ್ದದ್ದು ರೋಜಾಳ ಮೇಲೆ. ರೋಜಾ ಜವರಮ್ಮನ ಮಗಳು, ಮೈಸೂರಿನಲ್ಲಿ ಕೆಮಿಸ್ಟ್ರಿ ಓದಿ ನಮ್ಮಲ್ಲೇ ಮಾಲಿನ ಗುಣ ನೋಡುವ ಕೆಲಸಕ್ಕೆ ಸೇರಿದ್ದಳು. ಗುರುಸಿದ್ದಮ್ಮನನ್ನು ಅತ್ತೆ ಎಂದೇ ಕರೆಯುತ್ತಿದ್ದಳು, ನೇರವಾಗಿಯೇ ಮಾತಾಡುತ್ತಿದ್ದಳು. ಉಪ್ಪಿನ ಜಗಳ ತನ್ನ ತಲೆಮಾರಿಗೆ ಬೇಡವೆಂದು ಆ ಹುಡುಗಿ ಮೊದಲೇ ಹೇಳಿಬಿಟ್ಟಿದ್ದಳು.

ಮೂರು ಕಂಪನಿಗಳಿಂದ ಮೂರು ಡಬ್ಬಿ ಬಿಳಿ ಅಂಟು ಬಂತು. ಮೂರೂ ನನ್ನ ಸ್ಟೋರಿನಲ್ಲಿ ಬೀಗ ಹಾಕಿಕೊಂಡು ಕೂತವು. ಗುರುಸಿದ್ದಮ್ಮ ಒಂದೊಂದಕ್ಕೂ ಬೆರಳು ಅದ್ದಿ ನೋಡಿ ಹೆಸರಿಟ್ಟಳು. ತೆಳ್ಳಗೆ ಇದ್ದದ್ದು ಮಜ್ಜಿಗೆ. ಬೆರಳಿನಲ್ಲೇ ಒಣಗಿಹೋದದ್ದು ಅವಸರದವನು. ಮಂದವಾಗಿ, ಒಣಗಲು ಹೊತ್ತು ತೆಗೆದುಕೊಂಡದ್ದು ನಿಧಾನಸ್ಥ. ಕಂಪನಿಯವರು ಇಟ್ಟ ಹೆಸರುಗಳನ್ನು ಆಮೇಲೆ ಯಾರೂ ಬಳಸಲಿಲ್ಲ, ಸಾಹುಕಾರರೂ ಬಳಸಲಿಲ್ಲ.

"ನಾಲ್ಕನೇದು ನನ್ನ ಗೋಂದು," ಎಂದು ಆಕೆ ಹಟ ಹಿಡಿದಳು. "ಅದೂ ನೀರಲ್ಲೇ ಆಗೋದು ತಾನೇ? ಪರೀಕ್ಸೆ ಅಂದ್ಮ್ಯಾಲೆ ಎಲ್ಲಾರ್ಗೂ ಒಂದೇ ಬೆಂಚು." ರೋಜಾ ಒಪ್ಪಿದಳು.

ಪರೀಕ್ಷೆ ಕಷ್ಟದ್ದೇನಲ್ಲ. ಒಂದೊಂದು ಅಂಟಿನಿಂದ ಒಂದಷ್ಟು ಪೆಟ್ಟಿಗೆಗಳ ಅಂಚು ಅಂಟಿಸಿ, ಭಾರ ಹೇರಿ ಒಣಗಿಸಿ, ಕ್ಯಾಂಟೀನಿನ ಫ್ರಿಜ್ಜಿನಲ್ಲಿ ಇಡುವುದು. ಹೊರತೆಗೆದು ಬೆವರಲು ಬಿಡುವುದು. ಆಮೇಲೆ ಅಂಚನ್ನು ಹಿಡಿದು ಎಳೆಯುವುದು. ಅಂಟು ಗೆದ್ದಿದ್ದರೆ ಕಾಗದ ಹರಿಯುತ್ತದೆ, ಅಂಟು ಬಿಡುವುದಿಲ್ಲ. ಅಂಟು ಸೋತಿದ್ದರೆ ಎರಡು ಕಾಗದವೂ ನೀಟಾಗಿ ಬೇರೆಯಾಗುತ್ತವೆ. ಕ್ಯಾಂಟೀನಿನವನ ಹಾಲು ಫ್ರಿಜ್ಜಿನಿಂದ ಹೊರಗೆ ಬಂದು ಒಡೆದದ್ದಕ್ಕೆ ಅವನು ನನ್ನನ್ನು ಬೈದ, ಅದು ಬೇರೆ ಮಾತು.

ಮಾರನೆಯ ಬೆಳಿಗ್ಗೆ ಎಲ್ಲರೂ ಸುತ್ತ ನಿಂತೆವು. ಮಜ್ಜಿಗೆಯನ್ನು ಕಾಗದವೇ ಕುಡಿದುಬಿಟ್ಟಿತ್ತು, ಅಂಚು ಸುಮ್ಮನೆ ಬಿಟ್ಟುಕೊಂಡಿತು. ಅವಸರದವನು ಗಟ್ಟಿಯಾಗಿಯೇ ಹಿಡಿದಿದ್ದ, ಆದರೆ ಶೆಡ್ಡಿನ ಹೆಂಗಸರು ಅಂಚಿಗೆ ಅಂಚು ಕೂಡಿಸುವಷ್ಟರಲ್ಲಿ ಒಣಗಿ ಅರ್ಧ ಪೆಟ್ಟಿಗೆಗಳು ಸೊಟ್ಟಗಾಗಿದ್ದವು, ಬ್ರಷ್ಷುಗಳು ಕಟ್ಟಿಗೆಯಾಗಿದ್ದವು. ಸರಸರ ಓಡುವ ದೊಡ್ಡ ಮಿಷನ್ ಇರುವವರಿಗೆ ಅವನೇ ಸರಿ, ನಮ್ಮದು ಕೈಕೆಲಸ ಎಂದಳು ರೋಜಾ. ನಿಧಾನಸ್ಥ ಮಾತ್ರ, ಸೊಟ್ಟಗೆ ಕೂತ ಅಂಚನ್ನು ಸರಿಮಾಡಲು ಪುರುಸೊತ್ತು ಕೊಟ್ಟು, ಭಾರದ ಕೆಳಗೆ ಮೆಲ್ಲಗೆ ಹಿಡಿದುಕೊಂಡಿದ್ದ. ಎಳೆದರೆ ಕಾಗದವೇ ಹರಿಯಿತು.

ಗುರುಸಿದ್ದಮ್ಮನ ಗೋಂದಿನ ಪೆಟ್ಟಿಗೆಯನ್ನು ಎಳೆಯಲೇ ಬೇಕಾಗಲಿಲ್ಲ. ಫ್ರಿಜ್ಜಿನ ಬಾಗಿಲು ತೆಗೆದಾಗಲೇ ಬಾಯಿ ಬಿಟ್ಟುಕೊಂಡು ಮಲಗಿತ್ತು.

"ಫ್ರಿಜ್ಜು ಸರಿ ಇಲ್ಲ," ಅಂದಳು ಗುರುಸಿದ್ದಮ್ಮ. ಶೆಡ್ಡಿನ ಹೆಂಗಸರ ಸಾಲಿನಲ್ಲಿ ನಿಂತಿದ್ದ ಜವರಮ್ಮ ಕಣ್ಣು ಬೇರೆ ಕಡೆ ತಿರುಗಿಸಿದಳು. ಅವಳು ನಕ್ಕಿದ್ದರೆ ಗುರುಸಿದ್ದಮ್ಮನಿಗೆ ಇಷ್ಟು ಉರಿಯುತ್ತಿರಲಿಲ್ಲ. ಕನಿಕರ ಪಡುತ್ತಿದ್ದಾಳೆ ಎಂದು ಅನ್ನಿಸಿತೋ ಏನೋ, ಆಕೆ ಸಾಹುಕಾರರ ಮುಂದೆ ಹೋಗಿ ನಿಂತಳು.

"ಸಾ, ಇನ್ನೊಂದ್ ಕಿತ ಬೇಯ್ಸ್ತೀನಿ. ಸಂಜೆಗೆ ನೋಡಿ. ಆಗ್ಲೂ ಬುಟ್ಕಂಡ್ರೆ ನಾನೇ ಒಲೆ ಆರುಸ್ತೀನಿ."

ಸಾಹುಕಾರರು ಆಯಿತು ಅಂದರು. ಇವಳ ಮುಖ ನೋಡಿ ಇಲ್ಲ ಅನ್ನುವ ಧೈರ್ಯ ಅವರಿಗೂ ಇರಲಿಲ್ಲ.

ಮಧ್ಯಾಹ್ನ ಊಟದ ಹೊತ್ತು. ನಾನು ಸ್ಟೋರಿನಲ್ಲಿ ಡಬ್ಬಿ ಬಿಚ್ಚುತ್ತಿದ್ದೆ. ಗುರುಸಿದ್ದಮ್ಮ ಏದುಸಿರು ಬಿಡುತ್ತ ಬಂದಳು.

"ಯಾಕ್ಲಾ ಇನ್ನೂ ಕುಂತಿದ್ದೀಯೆ? ಗೇಟತ್ರ ನಿನ್ ಬೀಗ್ರು ಬಂದು ನಿಂತವ್ರೆ. ಬಿಸ್ಲಲ್ಲಿ."

ಮಗಳನ್ನು ಕೊಟ್ಟ ಮನೆಯವರು ಬಿಸಿಲಲ್ಲಿ ನಿಂತಿದ್ದಾರೆ ಎಂದರೆ ಯಾವ ಗಂಡಸು ಅನ್ನದ ಮುಂದೆ ಕೂತಿರುತ್ತಾನೆ? ಕೈ ಒರೆಸಿಕೊಂಡು, ತಲೆ ನೀವಿಕೊಂಡು ಓಡಿದೆ. ಗೇಟಿನಲ್ಲಿ ವಾಚ್‌ಮನ್ ಇದ್ದ, ಒಂದು ನಾಯಿ ಇತ್ತು. ಬೀಗರು ಬಂದು ವಾಪಸು ಹೋದರೇನೋ ಎಂದು ನಾನು ರಸ್ತೆಯವರೆಗೂ ಹೋಗಿ ಎರಡೂ ಕಡೆ ನೋಡಿದೆ. ನನ್ನನ್ನು ಎಬ್ಬಿಸಿ ಕಳಿಸಿದ್ದು ಯಾಕೆಂದು ಹೊಳೆಯುವಷ್ಟರಲ್ಲಿ ಸ್ಟೋರಿಗೆ ಬೀಗ ಹಾಕದೆ ಬಂದದ್ದೂ ನೆನಪಾಯಿತು.

ಓಡಿ ಬಂದು ನೋಡಿದರೆ ನಿಧಾನಸ್ಥನ ಡಬ್ಬಿಯ ಮುಚ್ಚಳ ಓರೆಯಾಗಿತ್ತು. ಒಳಗೆ ನೋಡಿದರೆ ಅರ್ಧ ಇಲ್ಲ. ನಾನು ನೇರ ಗೋಂದಿನ ಮನೆಗೆ ಹೋದೆ. ಎಂದೂ ಮುಚ್ಚದ ಬಾಗಿಲು ಅಂದು ಮುಚ್ಚಿತ್ತು. ಒಳಗಿನಿಂದ ತಿಣುಕುವ ಸದ್ದು ಕೇಳಿಸುತ್ತಿತ್ತು.

"ಸೀರೆ ಸರಿ ಮಾಡ್ಕೋತಾ ಇವ್ನಿ, ಓಗ್ಲಾ," ಅಂದಳು.

"ನನ್ನ ಅಂಟು ಎಲ್ಲಿ?" ಅಂದೆ.

ಬಾಗಿಲು ಒಂದಿಷ್ಟು ತೆರೆಯಿತು. ಆಕೆಯ ಮುಖ ನೋಡಿ ನಾನು ಬೈಯಲು ತಂದ ಮಾತು ಮರೆತೆ. ಗುರುಸಿದ್ದಮ್ಮ ಹೆದರಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಸಂಜೆಯ ಪರೀಕ್ಷೆಗೆಂದು ಆಕೆ ಒಂದು ತಪ್ಪಲೆಯಲ್ಲಿ ಬೇರೆಯಾಗಿ ಗೋಂದು ಬೇಯಿಸಿದ್ದಳು. ಎಂದಿನಂತೆ ಒಗ್ಗರಣೆಯೂ ಹಾಕಿದ್ದಳು. ಆಮೇಲೆ, ನಿಧಾನಸ್ಥನನ್ನು ಒಂದಿಷ್ಟು ಕದ್ದು ತನ್ನ ಗೋಂದಿಗೆ ಬೆರೆಸಿದರೆ ಅವನ ಬಲ ಇದಕ್ಕೂ ಬರುತ್ತದೆ, ಫ್ರಿಜ್ಜಿನಲ್ಲಿ ಇಟ್ಟರೂ ಬಿಡುವುದಿಲ್ಲ, ಹೆಸರು ಮಾತ್ರ ತನ್ನ ಗೋಂದಿನದು ಎಂದು ಲೆಕ್ಕ ಹಾಕಿದ್ದಳು. ಸುರಿದು ನಾಲ್ಕು ಸುತ್ತು ತಿರುಗಿಸಿದ್ದಾಳೆ, ಐದನೆಯ ಸುತ್ತಿಗೆ ಕೋಲು ನಿಂತುಬಿಟ್ಟಿದೆ. ತಪ್ಪಲೆಯಲ್ಲಿ ಗೋಂದೂ ಇರಲಿಲ್ಲ, ಅಂಟೂ ಇರಲಿಲ್ಲ. ರಬ್ಬರಿನಂತಹ ಒಂದು ಬಿಳಿ ಮುದ್ದೆ ಕೂತಿತ್ತು, ಅದರ ನಡುವೆ ಹಿಟ್ಟಿನ ಕೋಲು ನೆಟ್ಟಗೆ ನಿಂತಿತ್ತು.

"ಇಡ್ಕೊ ಬಾರ್ಲಾ," ಎಂದಳು. ಆಕೆ ತಪ್ಪಲೆಯ ಎರಡು ಕಡೆ ಕಾಲು ಊರಿ ಹಿಡಿದಳು, ನಾನು ಕೋಲು ಎಳೆದೆ. ಕೋಲು ಬರಲಿಲ್ಲ. ನಾನು ಹಿಡಿದೆ, ಆಕೆ ಎಳೆದಳು. ಕೈ ಜಾರಿ ನಾನು ಗೋಡೆಗೆ ಹೋಗಿ ಬಡಿದುಕೊಂಡೆ. ಕೋಲು ಇದ್ದಲ್ಲೇ ಇತ್ತು. ಕಳ್ಳತನ ಹಿಡಿಯಲು ಬಂದವನು ಕಳ್ಳಮಾಲು ಬಿಡಿಸಲು ನಿಂತಿದ್ದೇನೆ ಎಂದು ನನಗೆ ಆಗ ಹೊಳೆಯಿತು, ಆದರೂ ಕೈ ಬಿಡಲಿಲ್ಲ.

ಹೊರಗೆ ಕಾಲಸಪ್ಪಳ ಕೇಳಿತು. ಸಾಹುಕಾರರು ಸಂಜೆಯವರೆಗೆ ಕಾಯದೆ ಆಗಲೇ ಬಂದಿದ್ದರು, ಹಿಂದೆ ರೋಜಾ, ಅವಳ ಹಿಂದೆ ಊಟ ಮುಗಿಸಿದ ಶೆಡ್ಡಿನ ಹೆಂಗಸರು. ಗುರುಸಿದ್ದಮ್ಮ ತಪ್ಪಲೆಯ ಮೇಲೆ, ಕೋಲಿನ ಸಮೇತ, ಒಂದು ಟವಲು ಹೊದಿಸಿದಳು. ಮೊನೆಯಾಗಿ ನಿಂತ ಟವಲಿನ ಮುಂದೆ ನಾವಿಬ್ಬರೂ ಏನೂ ಆಗದವರ ಹಾಗೆ ನಿಂತೆವು.

"ಗೋಂದು ರೆಡಿನಾ ಗುರುಸಿದ್ದಮ್ಮ?" ಎಂದರು ಸಾಹುಕಾರರು.

"ಆರಾಕೆ ಬುಟ್ಟಿವ್ನಿ ಸಾ. ಈಗ ಮುಟ್ಬ್ಯಾಡಿ."

ಸಾಹುಕಾರರು ಟವಲು ತೆಗೆದರು. ನೆಟ್ಟಗೆ ನಿಂತ ಕೋಲನ್ನು ನೋಡಿದರು. ಅದನ್ನು ಹಿಡಿದು ಎತ್ತಿದರು. ಕೋಲಿನ ಜೊತೆ ತಪ್ಪಲೆಯೂ ನೆಲ ಬಿಟ್ಟು ಮೇಲೆ ಬಂತು. ಅದನ್ನು ಹಾಗೇ ಹಿಡಿದುಕೊಂಡು, ಸಿಟ್ಟು ಮಾಡಿಕೊಳ್ಳಬೇಕೋ ಬೇಡವೋ ತಿಳಿಯದೆ, "ಇದನ್ನ ಪೆಟ್ಟಿಗೆಗೆ ಹಚ್ಚೋದು ಹೇಗಮ್ಮ?" ಎಂದು ಕೇಳಿದರು. ಹಿಂದಿದ್ದ ಹೆಂಗಸರು ಬಾಯಿಗೆ ಸೆರಗು ಇಟ್ಟುಕೊಂಡರು.

ರೋಜಾ ಮುದ್ದೆಯನ್ನು ಬೆರಳಿನಿಂದ ಒತ್ತಿದಳು. ಒತ್ತಿದ ಕಡೆ ಒಳಗೆ ಹೋಗಿ ಮತ್ತೆ ಮೇಲೆದ್ದಿತು. ಅವಳಿಗೆ ತಿಳಿದುಹೋಯಿತು. "ಬಿಳಿ ಅಂಟಿಗೆ ಬೋರಾಕ್ಸ್ ಸೋಕಿದ್ರೆ ಹಿಂಗೇ ಗಡ್ಡೆ ಕಟ್ಟುತ್ತೆ ಸಾರ್," ಎಂದಳು, ನಮ್ಮ ಯಾರ ಮುಖವನ್ನೂ ನೋಡದೆ. "ಗೋಂದಿನಲ್ಲಿ ಬೋರಾಕ್ಸ್ ಇತ್ತು. ಅದಕ್ಕೆ ಯಾರೋ ಬಿಳಿ ಅಂಟು ಸುರಿದಿದ್ದಾರೆ."

ಸಾಹುಕಾರರು ತಪ್ಪಲೆ ಕೆಳಗಿಟ್ಟರು. ಅವರು ತಮಾಷೆಯ ಮನುಷ್ಯ, ಆದರೆ ಮೋಸ ಎಂದರೆ ಮುಖ ಬೇರೆಯಾಗುತ್ತದೆ. "ಯಾರು ಮಾಡಿದ್ದು ಇದು? ಅವರನ್ನ ಇನ್ನು ಗೋಂದಿನ ಮನೆ ಹತ್ತಿರ ಸೇರಿಸಲ್ಲ ನಾನು."

ನಾನು ನೆಲ ನೋಡಿದೆ. ಗುರುಸಿದ್ದಮ್ಮ ಕೋಲು ನೋಡಿದಳು. ಸ್ವಲ್ಪ ಹೊತ್ತು 'ಯಾರೋ ಏನೋ' ಎಂದು ಸುಮ್ಮನಿದ್ದರೆ ಉಳಿದುಕೊಳ್ಳಬಹುದು ಎಂದು ಆಕೆ ಲೆಕ್ಕ ಹಾಕುತ್ತಿದ್ದಳು, ನನಗೆ ಗೊತ್ತು.

ಆಗ ಬಾಗಿಲ ಹತ್ತಿರದಿಂದ ಜವರಮ್ಮನ ದನಿ ಬಂತು. "ನಾನೇ ಸಾ. ನಾನೇ ಸುರ್ದೆ. ಅತ್ಗೆ ಗೋಂದು ಕೆಡ್ಲಿ ಅಂತ."

ಎಲ್ಲರೂ ತಿರುಗಿ ನೋಡಿದರು. ಗುರುಸಿದ್ದಮ್ಮನಿಗೆ ಬೇಕಾಗಿದ್ದು ಸಿಕ್ಕಿಬಿಟ್ಟಿತ್ತು. ತಪ್ಪು ನಾದಿನಿಯ ತಲೆಗೆ, ಗೋಂದಿನ ಮನೆ ತನಗೆ. ಬಾಯಿ ಮುಚ್ಚಿಕೊಂಡು ನಿಂತಿದ್ದರೆ ಸಾಕಿತ್ತು. ಆದರೆ ಆಕೆಯ ಮುಖ ಕೆಂಪಾಯಿತು, ಮೂಗಿನ ಹೊಳ್ಳೆ ಅರಳಿತು. ಅದು ಪಶ್ಚಾತ್ತಾಪವಲ್ಲ, ಅಪ್ಪಟ ಸಿಟ್ಟು.

"ನೀನಾ?" ಅಂದಳು, ನಡುವೆ ನಾನಿಲ್ಲದೆ, ನೇರವಾಗಿ. "ಒಂದು ಸೌಟು ಅಂಟು ಕದಿಯೋ ಧೈರ್ಯ ನಿಂಗದಾ ಜವರವ್ವ? ಇವ್ನ ಬೀಗ್ರು ಬಂದವ್ರೆ ಅಂತ ಗೇಟಿಗೆ ಓಡಿಸಿದ್ದು ನಾನು. ಡಬ್ಬಿ ತೆಗ್ದಿದ್ದು ನಾನು. ಸುರ್ದಿದ್ದು ನಾನು. ಸಾ, ನಾನ್ ಮಾಡಿದ್ ಕಳ್ಳತನಾನೂ ತಾನೇ ಮಾಡ್ದೆ ಅಂತ ಏಳ್ಕೋತಾವ್ಳೆ ನೋಡಿ ಇವ್ಳು."

ನನ್ನ ಬೀಗರ ವಿಷಯ ಬಂದಾಗ ಎಲ್ಲರೂ ನಕ್ಕರು. ನನಗೆ ನಗಲು ಮನಸ್ಸಾಗಲಿಲ್ಲ.

ಸಾಹುಕಾರರು ಕುರ್ಚಿ ಎಳೆದುಕೊಂಡು ಕೂತರು. "ಜವರಮ್ಮ, ನೀನ್ಯಾಕಮ್ಮ ಸುಳ್ಳು ಹೇಳ್ದೆ?"

ಜವರಮ್ಮ ಸೆರಗಿನ ಅಂಚು ತಿರುವುತ್ತ ನಿಂತಳು. ಶೆಡ್ಡಿನಲ್ಲಿ ಎಲ್ಲರನ್ನೂ ನಡುಗಿಸುವ ದನಿ ಅಂದು ಗಂಟಲಿನಲ್ಲೇ ಇತ್ತು. "ಅತ್ಗೆನ ಈ ಮನೆ ಬುಡ್ಸುದ್ರೆ ನನ್ ಶೆಡ್ಡಿಗೆ ಬತ್ತಾರಲ್ಲ ಸಾ."

"ಬಂದ್ರೆ?" ಎಂದಳು ಗುರುಸಿದ್ದಮ್ಮ. "ನಾ ಬಂದ್ರೆ ನಿನ್ ಶೆಡ್ಡು ಉರ್ದೋಯ್ತದಾ?"

"ಲೋಡು ತಡ ಆದ್ರೆ ನಾನು ಎಲ್ಲಾರ್ಗೂ ಬೈತೀನಿ," ಎಂದಳು ಜವರಮ್ಮ, ಸಾಹುಕಾರರಿಗೆ ಹೇಳುವ ಹಾಗೆ. "ಬೈಲೇಬೇಕು, ಅದೇ ನನ್ ಕೆಲ್ಸ. ಇವ್ರಿಗೆ ಎಂಗೆ ಬೈಯ್ಲಿ? ನಮ್ಮಣ್ಣನ್ನ ಮದ್ವೆ ಆಗಿ ಬಂದಾಗ ನಾನು ಲಂಗದ ಉಡ್ಗಿ. ನಮ್ಮವ್ವಂಗೆ ಗದ್ದೆ ಕೆಲ್ಸ. ತಲೆಗೆ ಎಣ್ಣೆ ಆಕಿ, ಜಡೆ ಎಣ್ದು, ಇಸ್ಕೂಲ್ಗೆ ಬುಟ್ಟು ಬತ್ತಿದ್ದು ಇವ್ರು. ಅಂಥೋರ್ನ ಅಷ್ಟ್ ಜನದ ಮುಂದೆ, ಬಿರ್ನೆ ಕಟ್ಟು ಅಂತ ಮಿಕ್ಕ ಎಂಗಸ್ರನ್ನ ಬೈದಂಗೆ ಬೈಯ್ಯಾಕೆ ಆಗಾಕಿಲ್ಲ ಸಾ. ಅದ್ಕಿಂತ ಕಳ್ಳಿ ಅನ್ನುಸ್ಕೊಳ್ಳೋದೇ ಮೇಲು ಅನ್ನುಸ್ತು."

ಆ ಕೋಣೆಯಲ್ಲಿ ನಗು ನಿಂತಿತು. ಇಷ್ಟು ದಿನ ಬಸ್ಸಿನಲ್ಲಿ ಈ ಇಬ್ಬರ ಮಾತು ಹೊತ್ತು ಆ ಕಡೆ ಈ ಕಡೆ ಹಾಕುತ್ತಿದ್ದವನು ನಾನು, ಒಬ್ಬಳು ಯಾವುದಕ್ಕೆ ಹೆದರುತ್ತಿದ್ದಳೋ ಇನ್ನೊಬ್ಬಳೂ ಅದಕ್ಕೇ ಹೆದರುತ್ತಿದ್ದಳು ಎಂಬುದು ನನಗೆ ತಿಳಿದೇ ಇರಲಿಲ್ಲ.

ರೋಜಾ ಕೆಮ್ಮಿದಳು. "ಸಾರ್, ಸಂಜೆ ಹೇಳೋಣ ಅಂತಿದ್ದೆ. ಗೋಂದಿನ ಮನೆ ಮುಚ್ಚೋ ಹಾಗೇ ಇಲ್ಲ. ನಿಧಾನಸ್ಥನನ್ನ ಹಾಳೆಗೆಲ್ಲ ಹಚ್ಚಿದ್ರೆ ಹಾಳೆ ನೆನೆದು ಸುರುಳಿ ಸುತ್ತುತ್ತೆ, ನಾನು ಬೆಳಿಗ್ಗೆನೇ ಮಾಡಿ ನೋಡ್ದೆ. ದುಬಾರಿ ಬೇರೆ. ಅಂಚಿಗೆ ನಿಧಾನಸ್ಥ, ಹಾಳೆಗೆ ಅತ್ತೆಯ ಗೋಂದು. ಎರಡೂ ಒಂದಕ್ಕೊಂದು ಸೋಕಬಾರದು ಅಷ್ಟೇ. ಬಕೆಟ್ಟು, ಬ್ರಷ್ಷು ಎಲ್ಲಾ ಬೇರೆ ಬೇರೆ ಇರಬೇಕು."

ಅಂದರೆ ಏನೂ ಮಾಡದೆ ಊಟ ಮಾಡಿಕೊಂಡು ಕೂತಿದ್ದರೆ ಗುರುಸಿದ್ದಮ್ಮನಿಗೆ ಎಲ್ಲವೂ ತಾನಾಗಿಯೇ ಸಿಗುತ್ತಿತ್ತು. ನನ್ನ ಊಟವೂ ಆರುತ್ತಿರಲಿಲ್ಲ.

ಸಾಹುಕಾರರು ಬಹಳ ಹೊತ್ತು ಗಡ್ಡ ಕೆರೆದುಕೊಂಡರು. ಇಷ್ಟು ಜನರ ಮುಂದೆ ತಾನೇ ಒಪ್ಪಿಕೊಂಡವಳನ್ನು ಏನು ಮಾಡುವುದು? ಕೊನೆಗೆ, "ಮಾಡಿದ್ದನ್ನ ನೀನೇ ಹೇಳ್ದೆ. ಇನ್ನೊಂದು ಸಲ ಸ್ಟೋರಿಗೆ ಕೈ ಹಾಕಿದ್ರೆ ಆ ಕೋಲು ನಾನು ಇಟ್ಕೋತೀನಿ. ಹೋಗು, ಒಲೆ ಹಚ್ಚು," ಎಂದು ಎದ್ದರು.

ಗೆದ್ದವಳು ಒಲೆಯ ಕಡೆ ಹೋಗಲಿಲ್ಲ.

"ಸಾ," ಎಂದಳು ಗುರುಸಿದ್ದಮ್ಮ. "ಬೆಳಗ್ಗೆ ಒತ್ತು ಗೋಂದು ಬೇಯ್ಸಿ ಕೊಟ್ಬುಡ್ತೀನಿ. ಮಧ್ಯಾನದ ಮ್ಯಾಲೆ ಇಲ್ಲೇನು ಕೆಲ್ಸ ಇರಾಕಿಲ್ಲ. ಕೈ ಕಾಲು ತೊಳ್ಕಂಡು ಶೆಡ್ಡಿಗೆ ಓಯ್ತೀನಿ. ನನ್ನ ಅಲ್ಲಿಗೆ ಆಕಿ."

"ಅತ್ಗೆ, ಬ್ಯಾಡಿ," ಎಂದಳು ಜವರಮ್ಮ. ಅವಳೂ ನೇರವಾಗಿಯೇ ಅಂದಳು.

"ನೀ ಸುಮ್ಕಿರು. ಒಂದ್ ಬೈಯ್ಯಾಕೆ ಬರ್ದೋಳ್ನ ಮೇಸ್ತ್ರಿ ಮಾಡವ್ರೆ. ನಾನೇ ಕಲುಸ್ಬೇಕು."

ಸಾಹುಕಾರರು ಇದು ತಮಗೆ ತಿಳಿಯುವ ವಿಷಯವಲ್ಲವೆಂದು ಕೈ ಆಡಿಸಿ ಹೊರಟುಹೋದರು.

ಮಾರನೆಯ ಮಧ್ಯಾಹ್ನ ಗುರುಸಿದ್ದಮ್ಮ ಶೆಡ್ಡಿಗೆ ಬಂದು ಹೆಂಗಸರ ಸಾಲಿನ ನಡುವೆ ಕೂತಳು. ಹುರಿ ಕೊಡಲು ನಾನು ಅಲ್ಲೇ ಇದ್ದೆ. ಪೆಟ್ಟಿಗೆಗಳ ಒಂದು ಲೋಡು ಅಂದು ಹೋಗಬೇಕಿತ್ತು, ಲಾರಿ ಬಾಗಿಲಲ್ಲಿ ನಿಂತಿತ್ತು. ಆಕೆ ಬೇಕೆಂದೇ ಕಟ್ಟು ಕಟ್ಟುವುದನ್ನು ನಿಧಾನ ಮಾಡಿದಳು. ಒಂದು ಗಂಟು ಹಾಕುವುದು, ಅದನ್ನು ನೋಡುವುದು, ಬಿಚ್ಚುವುದು, ಮತ್ತೆ ಹಾಕುವುದು. ಇಡೀ ಶೆಡ್ಡು ಜವರಮ್ಮನ ಬಾಯಿ ನೋಡುತ್ತ ಕೂತಿತು.

ಜವರಮ್ಮ ಹತ್ತಿರ ಬಂದು ನಿಂತಳು. "ಅತ್ಗೆ, ವಸಿ ಬಿರ್ನೆ ಕಟ್ಟಿದ್ರೆ ಚೆನ್ನಾಗಿತ್ತು ಅಂತ..."

"ಇದು ಬೈಯ್ಯೋದಾ, ಬೀಗ್ರನ್ನ ಊಟಕ್ಕೆ ಕರ್ಯೋದಾ?" ಎಂದಳು ಗುರುಸಿದ್ದಮ್ಮ, ತಲೆ ಎತ್ತದೆ. "ಇನ್ನೊಂದ್ ಕಿತ."

"ಅತ್ಗೆ, ಬಿರ್ನೆ ಕಟ್ಟಿ."

"ಆ ಮೂಲೆವ್ರಿಗೆ ಕೇಳಿಸ್ನಿಲ್ಲ."

ಜವರಮ್ಮ ಒಂದು ಸಲ ಮುಖ ಆ ಕಡೆ ತಿರುಗಿಸಿಕೊಂಡು ಕಣ್ಣು ಒರೆಸಿಕೊಂಡಳು. ಮತ್ತೆ ತಿರುಗಿದಾಗ ಉಸಿರು ತುಂಬಿಕೊಂಡು, ಗೇಟಿನ ವಾಚ್‌ಮನ್ ಕೂಡ ತಿರುಗಿ ನೋಡುವ ಹಾಗೆ ಕೂಗಿದಳು. "ಅತ್ಗೆ, ಏನ್ ಗಂಟ್ ನೋಡ್ತಾ ಕುಂತಿದ್ದೀರಿ? ಲಾರಿ ನಿಂತದೆ, ಕೈ ಆಡ್ಸಿ."

ಗುರುಸಿದ್ದಮ್ಮ ತಲೆ ಎತ್ತಿ ಪಕ್ಕದಲ್ಲಿದ್ದವಳ ಕಡೆ ನೋಡಿದಳು. ಮುಖದಲ್ಲಿ ಅವಮಾನದ ಸುಳಿವೂ ಇರಲಿಲ್ಲ. ಮಗು ಮೊದಲ ಹೆಜ್ಜೆ ಇಟ್ಟದ್ದನ್ನು ಬೀದಿಯವರಿಗೆ ತೋರಿಸುವವಳ ಹಾಗೆ, "ಕೇಳುದ್ರಾ, ನಮ್ಮುಡ್ಗಿ ಬೈದ್ಲು," ಎಂದಳು. ಆಮೇಲೆ ಹುರಿ ಎಳೆದುಕೊಂಡು ಸರಸರ ಕಟ್ಟತೊಡಗಿದಳು.